ಒಂದೇ ಸಿಲಿಂಡರ್ ಯಾಕೆ ಮತ್ತೆ ಮತ್ತೆ ಹೋಗುತ್ತದೆ? ಟೂ-ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ ಇರುವವರಿಗೆ

"ಎರಡು ಸಿಲಿಂಡರ್ ಇದೆ. ಎರಡಕ್ಕೂ ಅದೇ ಎಣ್ಣೆ, ಅದೇ ನೀರು. ಮೇಲಿನದು ಮಾತ್ರ ಯಾಕೆ ಹೋಯಿತು?" ಮಳೆಗಾಲ ಹತ್ತಿರ ಬಂತೆಂದರೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿವರೆಗಿನ ಮೋಟಾರು ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ನಾಲ್ಕು ಕಾಸು ನೋಡುವ ಆ ಎರಡು ತಿಂಗಳಲ್ಲೇ ಪಿಸ್ಟನ್ ಜಾಮ್ ಆದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆತುರದಲ್ಲಿ ಎಲ್ಲರೂ ಮಾಡುವುದು ಒಂದೇ. ಹೋದ ಪಿಸ್ಟನ್ ತೆಗೆದು ಹೊಸದು ಹಾಕಿಸುತ್ತಾರೆ. ಕೆಲವೇ ವಾರಗಳಲ್ಲಿ ಅದೇ ಸಿಲಿಂಡರ್ ಮತ್ತೆ ಹೋಗುತ್ತದೆ. ಯಾಕೆಂದರೆ ಪಿಸ್ಟನ್ ತಾನಾಗಿ ಹಾಳಾದದ್ದಲ್ಲ, ಬೇರೆ ಏನೋ ಅದನ್ನು ಹಾಳು ಮಾಡಿದೆ. ಆ "ಏನೋ" ಇಂಜಿನ್‌ನಲ್ಲೇ ಉಳಿದಿದೆ. ಅದನ್ನು ಹುಡುಕುವುದು ಹೇಗೆ ಎಂದು ಇಲ್ಲಿ ಒಂದೊಂದೇ ಹಂತವಾಗಿ ಹೇಳುತ್ತೇನೆ.

ಮೊದಲು ಇಷ್ಟು ತಿಳಿದಿರಲಿ

ಔಟ್‌ಬೋರ್ಡ್‌ನಲ್ಲಿ (ದೋಣಿಯ ಹಿಂದೆ ಸಿಕ್ಕಿಸುವ ಮೋಟಾರಿನಲ್ಲಿ) ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಕಂಬದ ಹಾಗೆ ನೆಟ್ಟಗೆ ನಿಂತಿರುತ್ತದೆ. ಹಾಗಾಗಿ ಸಿಲಿಂಡರ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ಮೇಲಿನದಕ್ಕೆ ಮೇಲಿನ ಕಷ್ಟ, ಕೆಳಗಿನದಕ್ಕೆ ಕೆಳಗಿನ ಕಷ್ಟ.

ತಂಪು ಮಾಡುವ ನೀರು ಬರುವುದು ಕೆಳಗಿನಿಂದ. ಗೇರ್ ಕೇಸಿನ ಮೇಲೆ ಇಂಪೆಲ್ಲರ್ ಇದೆ, ಅಂದರೆ ರಬ್ಬರ್ ಎಸಳುಗಳ ಚಕ್ರ. ಅದು ನೀರನ್ನು ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಎಸಳು ಸವೆದರೆ ಅಥವಾ ನೀರಿನ ದಾರಿ ಉಪ್ಪು ಕಟ್ಟಿ ಕಿರಿದಾದರೆ ಮೊದಲು ನೀರು ತಪ್ಪುವುದು ತುದಿಗೆ. ಹಬೆ ಮತ್ತು ಗಾಳಿ ಹೋಗಿ ಸೇರಿಕೊಳ್ಳುವುದೂ ಅಲ್ಲೇ. ನೀರಿನ ತೊಂದರೆಗೆ ಮೇಲಿನ ಸಿಲಿಂಡರ್ ಮೊದಲು ಬಲಿಯಾಗುವುದು ಇದೇ ಕಾರಣಕ್ಕೆ.

ಕೆಳಗಿನದರ ಕತೆ ಬೇರೆ. ಉರಿಯದೆ ಉಳಿದ ಇಂಧನ, ಹೇಗೋ ಒಳಗೆ ಸೇರಿದ ನೀರು, ಎಲ್ಲ ಇಳಿದು ನಿಲ್ಲುವುದು ತಳದಲ್ಲಿ. ಹೊಗೆ ಮತ್ತು ಉಪ್ಪುನೀರಿನ ದಾರಿ ಹತ್ತಿರ ಇರುವುದೂ ಅದಕ್ಕೇ. ಕೆಳಗಿನ ಸಿಲಿಂಡರ್ ತುಕ್ಕಿನಿಂದಲೋ ಸೀಲ್ ಹೋಗಿಯೋ ಹಾಳಾಗುವುದು ಜಾಸ್ತಿ.

ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ. ಟೂ-ಸ್ಟ್ರೋಕ್ ಇಂಜಿನ್‌ನಲ್ಲಿ ಪ್ರತಿ ಸಿಲಿಂಡರಿಗೂ ತನ್ನದೇ ಆದ ಕ್ರ್ಯಾಂಕ್ ಕೋಣೆ ಇರುತ್ತದೆ. ಪಿಸ್ಟನ್ನಿಗೂ ಬೇರಿಂಗಿಗೂ ಬೇಕಾದ ಆಯಿಲ್ ಇಂಧನದ ಜೊತೆಗೇ ಆ ಕೋಣೆಗೆ ಬರಬೇಕು. ಒಂದು ಕೋಣೆಗೆ ಇಂಧನ ಕಡಿಮೆ ಬಂದರೆ, ಅಥವಾ ಎಲ್ಲಿಂದಲೋ ಗಾಳಿ ಜಾಸ್ತಿ ಸೇರಿಕೊಂಡರೆ, ಆ ಸಿಲಿಂಡರ್ ಬಿಸಿಯೂ ಆಗುತ್ತದೆ, ಒಣಗಿಯೂ ಹೋಗುತ್ತದೆ. ಮೆಕ್ಯಾನಿಕ್‌ಗಳು "ಲೀನ್ ಆಗಿದೆ" ಎನ್ನುವುದು ಇದಕ್ಕೇ. ಬಿಸಿಗೆ ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಲೈನರಿಗಿಂತ (ಸಿಲಿಂಡರಿನ ಒಳಗೋಡೆಗಿಂತ) ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇವೆರಡರ ನಡುವೆ ಇರುವ ಸಂದು ತಲೆಗೂದಲಿನ ದಪ್ಪದಷ್ಟು. ಅದು ಮುಚ್ಚಿತೆಂದರೆ ಪಿಸ್ಟನ್ ಕಚ್ಚಿಕೊಂಡಿತೆಂದೇ ಲೆಕ್ಕ.

ಬೇಕಾಗುವ ಸಾಮಾನು

ಪ್ಲಗ್ ಸ್ಪ್ಯಾನರ್, ಕಂಪ್ರೆಶನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು), ಸಣ್ಣ ಟಾರ್ಚ್, ಕಾರ್ಬುರೇಟರ್ ಕ್ಲೀನರ್, ಟಾರ್ಕ್ ಸ್ಪ್ಯಾನರ್, ನಿಮ್ಮ ಮಾಡೆಲಿನ ಕೈಪಿಡಿ. ದೂರದಿಂದ ಬಿಸಿ ಅಳೆಯುವ ಗನ್ ಇದ್ದರೆ ಒಳ್ಳೆಯದು. ಜ್ವರ ನೋಡಲು ಹಣೆಗೆ ಹಿಡಿಯುವ ಗನ್ ಸಾಲುವುದಿಲ್ಲ, ಕಾರ್ಖಾನೆಗಳಲ್ಲಿ ಬಳಸುವುದೇ ಬೇಕು. ಜೊತೆಗೆ ಒಂದು ನೋಟ್‌ಬುಕ್ಕು. ನೋಡಿದ್ದನ್ನೆಲ್ಲ ಬರೆದಿಡಿ.

ಹಂತ 1: ಯಾವುದು, ಯಾವಾಗ, ಹೇಗೆ

ಒಂದರ ಮೇಲೊಂದು ಸಿಲಿಂಡರ್ ಇರುವ ಮೋಟಾರಿನಲ್ಲಿ ಮೇಲಿನದು 1ನೇ ನಂಬರ್. ಹೋದದ್ದು ಎಷ್ಟನೆಯದು ಎಂದು ಬರೆದುಕೊಳ್ಳಿ. ಹಿಂದೆಯೂ ಅದೇ ಹೋಗಿತ್ತೇ? ನಿಲ್ಲುವ ಮೊದಲು ಏನಾಯಿತು? ಆರ್‌ಪಿಎಂ ಮೆಲ್ಲಗೆ ಕುಗ್ಗಿ ನಿಂತಿದ್ದರೆ ಬಿಸಿಯ ಮೇಲೆ ಅನುಮಾನ. ಕಣಕಣ ಎಂದು ಕುಟ್ಟುವ ಶಬ್ದ ಬಂದಿದ್ದರೆ ಇಂಧನವೋ ಟೈಮಿಂಗೋ (ಕಿಡಿ ಬೀಳುವ ಹೊತ್ತು) ಇರಬಹುದು.

ಅಳಿವೆಯಲ್ಲಿ ದೋಣಿ ಮಗುಚಿ ಇಂಜಿನ್ ಮುಳುಗಿದ್ದು ಉಂಟೇ? ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಬೇಕು. ಮುಳುಗಿದ ಇಂಜಿನನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆದು, ನೀರು ಬಸಿದು, ಆಯಿಲ್ ಹಾಕಿ ತಿರುಗಿಸದಿದ್ದರೆ ತಳದ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಆ ಏಟು ಗೊತ್ತಾಗುವುದು ತಿಂಗಳುಗಟ್ಟಲೆ ಆದ ಮೇಲೆ.

ಹಂತ 2: ಪ್ಲಗ್ ತೆಗೆದು ಪಕ್ಕಪಕ್ಕ ಇಡಿ

ಒಂದೊಂದನ್ನೇ ಅಲ್ಲ, ಎಲ್ಲವನ್ನೂ ತೆಗೆದು ಸಾಲಾಗಿ ಇಟ್ಟು ನೋಡಿ. ಕಂದು ಬಣ್ಣ ಇದ್ದರೆ ಸರಿ ಇದೆ. ಒಂದು ಮಾತ್ರ ಬಿಳಿಚಿಕೊಂಡು ತುದಿ ಸುಟ್ಟಂತೆ ಇದ್ದರೆ ಆ ಸಿಲಿಂಡರ್ ಲೀನ್ ಆಗಿದೆ ಅಥವಾ ಬಿಸಿಯಾಗಿದೆ. ಒಂದು ಮಾತ್ರ ಕಪ್ಪಾಗಿ ಒದ್ದೆಯಾಗಿದ್ದರೆ ಅದು ಉರಿಯುತ್ತಿಲ್ಲ ಅಥವಾ ಇಂಧನ ಜಾಸ್ತಿ ಹೋಗುತ್ತಿದೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಹೊಳೆಯುವ ಚುಕ್ಕೆ ಕಂಡರೆ ಅದು ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ.

ಹಂತ 3: ಕಂಪ್ರೆಶನ್ ಅಳೆಯಿರಿ

ಎಲ್ಲ ಪ್ಲಗ್ ಹೊರಗೆ ಇರಲಿ. ಪ್ಲಗ್ ವೈರುಗಳನ್ನು ಇಂಜಿನ್ ಬ್ಲಾಕಿಗೆ ತಾಗಿಸಿ ಅರ್ಥ್ ಮಾಡಿ. ಸುಮ್ನೆ ಗಾಳಿಯಲ್ಲಿ ನೇತಾಡಲು ಬಿಟ್ಟು ಹಗ್ಗ ಎಳೆದರೆ ಸಿಡಿಐ, ಅಂದರೆ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಸುಟ್ಟುಹೋಗಬಹುದು. ಪಿಸ್ಟನ್ ನೋಡಲು ಹೋಗಿ ಸಿಡಿಐ ಕಳೆದುಕೊಂಡವರು ಕಡಿಮೆ ಇಲ್ಲ.

ಕಾರ್ಬುರೇಟರಿನ ಬಾಯಿ ಪೂರ್ತಿ ತೆರೆದಿರಬೇಕು. ನ್ಯೂಟ್ರಲ್‌ನಲ್ಲಿ ಕೈಹಿಡಿ ಪೂರ್ತಿ ತಿರುಗುವುದಿಲ್ಲ, ಹಾಗಾಗಿ ಒಬ್ಬರು ಥ್ರಾಟಲ್ ತಟ್ಟೆಯನ್ನು ಕೈಯಲ್ಲೇ ತೆರೆದು ಹಿಡಿಯಲಿ. ಪ್ರತಿ ಸಿಲಿಂಡರಿಗೂ ಒಂದೇ ಲೆಕ್ಕ: ಐದಾರು ಸಲ ಜೋರಾಗಿ ಎಳೆಯಿರಿ, ಗೇಜ್ ಮುಳ್ಳು ನಿಂತಾಗ ಬರೆದುಕೊಳ್ಳಿ.

ಇಲ್ಲಿ ಜನ ಎಡವುವುದು ಒಂದು ಕಡೆ. ಚಿಮಣಿ ಎಣ್ಣೆಯ (ಸೀಮೆಎಣ್ಣೆಯ) ಮೋಟಾರಿನ ಕಂಪ್ರೆಶನ್ ಪೆಟ್ರೋಲಿನದಕ್ಕಿಂತ ಕಡಿಮೆಯೇ ಇರುತ್ತದೆ, ಹಾಗೆಯೇ ಮಾಡಿರುತ್ತಾರೆ. ಪಕ್ಕದವರ ಪೆಟ್ರೋಲ್ ಮೋಟಾರಿಗೆ ಹೋಲಿಸಿ ಹೆದರಬೇಡಿ. ನಿಮಗೆ ಬೇಕಾದದ್ದು ಒಂದೇ ಇಂಜಿನ್ನಿನ ಸಿಲಿಂಡರ್‌ಗಳ ನಡುವಿನ ಅಂತರ. ಅದು ನೂರಕ್ಕೆ ಹತ್ತರ ಒಳಗೆ ಇದ್ದರೆ ಚಿಂತೆ ಇಲ್ಲ. ಹದಿನೈದು ದಾಟಿದರೆ ಬಿಚ್ಚಬೇಕು.

ಕಡಿಮೆ ಬಂದ ಸಿಲಿಂಡರಿಗೆ ಒಂದು ಸಣ್ಣ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಮುಳ್ಳು ಚೆನ್ನಾಗಿ ಏರಿದರೆ ರಿಂಗೋ (ಪಿಸ್ಟನ್ ಸುತ್ತಲಿನ ಬಳೆ) ಗೋಡೆಯೋ ಸವೆದಿರುತ್ತದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರಿನ ಮುಚ್ಚಳದ ಕೆಳಗಿನ ಪದರ, ಹೋಗಿರಬಹುದು, ಪಿಸ್ಟನ್ನಿನ ತಲೆಯೇ ತೂತಾಗಿರಬಹುದು. ಪಕ್ಕಪಕ್ಕದ ಎರಡೂ ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆಯೇ ಎಂದು ಮೊದಲು ನೋಡಿ.

ಹಂತ 4: ಹಾಳಾದ ಪಿಸ್ಟನ್ ಓದಿ

ಹಳೆಯ ಪಿಸ್ಟನ್ ಎಸೆಯಬೇಡಿ. ಅಂಗಡಿಯವರು ಗುಜರಿಗೆ ಹಾಕುವ ಮೊದಲೇ ಕೇಳಿ ಇಸಿದುಕೊಳ್ಳಿ. ಏನಾಯಿತು ಎಂಬುದು ಅದರ ಮೈಮೇಲೇ ಬರೆದಿರುತ್ತದೆ. ಯಾವ ಬದಿ ಹೊಗೆ ಹೋಗುವ ಕಡೆಗಿತ್ತು ಎಂದು ಮಾರ್ಕರ್‌ನಲ್ಲಿ ಗುರುತು ಹಾಕಿ ಬಿಸಿಲಿಗೆ ಹಿಡಿದು ನೋಡಿ.

ಹೊಗೆ ಹೋಗುವ ಬದಿಯಲ್ಲಿ ಮಾತ್ರ ಉದ್ದುದ್ದ ಗೀರು ಇದ್ದು ಉಳಿದ ಮೈ ನುಣ್ಣಗಿದ್ದರೆ ಅದು ಬಿಸಿಯ ಗುರುತು: ಲೀನ್ ಆಗಿದೆ ಅಥವಾ ನೀರು ಸಾಲಲಿಲ್ಲ. ಪಿಸ್ಟನ್ನಿನ ಅತಿ ಬಿಸಿಯ ಬದಿ ಅದೇ, ಹಾಗಾಗಿ ಮೊದಲು ಕಚ್ಚಿಕೊಳ್ಳುವುದೂ ಅದೇ. ಇಂಧನ ಬರುವ ಬದಿಯಲ್ಲೂ ಗೀರು ಇದ್ದರೆ ಆಯಿಲ್ ಸಾಲದೆ ಹೋಗಿರಬಹುದು ಅಥವಾ ಮರಳು ಒಳಗೆ ಹೋಗಿರಬಹುದು. ನಾಲ್ಕು ಮೂಲೆಯಲ್ಲೂ ಸಮನಾಗಿ ಉಜ್ಜಿದ್ದರೆ ತಣ್ಣಗಿದ್ದ ಇಂಜಿನನ್ನು ಸ್ಟಾರ್ಟ್ ಮಾಡಿದ ಕೂಡಲೇ ಫುಲ್ ಥ್ರಾಟಲ್ ಕೊಟ್ಟಿದ್ದಾರೆ. ಪಿಸ್ಟನ್ ಬೇಗ ಹಿಗ್ಗಿತು, ಲೈನರ್ ಇನ್ನೂ ತಣ್ಣಗಿತ್ತು.

ಪಿಸ್ಟನ್ ತಲೆಯ ಅಂಚು ಇಲಿ ಕಡಿದ ಹಾಗೆ ತರಿತರಿಯಾಗಿ, ಮೇಲಿನ ರಿಂಗ್ ಕೂರುವ ಕಟ್ಟೆ ಮುರಿದಿದ್ದರೆ ಅದಕ್ಕೆ ಡೆಟೋನೇಶನ್ ಎನ್ನುತ್ತಾರೆ. ಇಂಧನ ನಿಧಾನವಾಗಿ ಉರಿಯುವ ಬದಲು ಪಟಾಕಿಯಂತೆ ಸಿಡಿಯುವುದು. ಪೆಟ್ರೋಲಿಗೆಂದು ಮಾಡಿದ ಮೋಟಾರಿಗೆ ಚಿಮಣಿ ಎಣ್ಣೆ ಹಾಕಿದರೆ ಆಗುವುದು ಇದೇ. ಚಿಮಣಿ ಎಣ್ಣೆ ಅಷ್ಟು ಒತ್ತಡ ತಡೆಯುವುದಿಲ್ಲ. ತಲೆಯ ನಡುವೆ ಕರಗಿ ತೂತು ಬಿದ್ದಿದ್ದರೆ ಕಿಡಿ ಬರುವ ಮೊದಲೇ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಕೆಂಪಗೆ ಕಾದ ಮಸಿ, ಮಾಡೆಲಿಗೆ ಹೊಂದದ ಪ್ಲಗ್, ತಪ್ಪಿದ ಟೈಮಿಂಗ್ ಇವನ್ನು ನೋಡಿ.

ಇನ್ನು ಎಲ್ಲ ಪಿಸ್ಟನ್‌ಗಳ ತಲೆ ಮಸಿ ಹಿಡಿದಿದ್ದು ಒಂದು ಮಾತ್ರ ಉಜ್ಜಿ ತೊಳೆದಂತೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ಹಬೆ ಅದನ್ನು ತೊಳೆದಿದೆ. ಹೆಡ್ ಗ್ಯಾಸ್ಕೆಟ್ಟೋ ಎಕ್ಸಾಸ್ಟ್ ಕವರಿನ (ಹೊಗೆಯ ದಾರಿಯ ಮುಚ್ಚಳದ) ಒಳಗಿನ ತಟ್ಟೆಯೋ ತೂತಾಗಿದೆ.

ಹಂತ 5: ನೀರಿನ ದಾರಿ

ಗುರುತುಗಳೆಲ್ಲ ಬಿಸಿಯ ಕಡೆ ಬೆರಳು ತೋರಿಸಿದರೆ, ಹೋದದ್ದು ಮೇಲಿನದೇ ಆಗಿದ್ದರೆ, ಇಲ್ಲಿಂದ ಶುರು ಮಾಡಿ.

ಇಂಪೆಲ್ಲರ್ ತೆಗೆದು ಎಸಳು ಬಗ್ಗಿಸಿ ನೋಡಿ. ಬಿಟ್ಟ ಮೇಲೂ ಬಗ್ಗಿಕೊಂಡೇ ಇದ್ದರೆ, ಬುಡದಲ್ಲಿ ಬಿರುಕು ಇದ್ದರೆ ಹೊಸದು ಹಾಕಿ. ಒಂದು ಎಸಳು ಮುರಿದು ಕಾಣೆಯಾಗಿದ್ದರೆ ಆ ತುಂಡು ಹುಡುಕದೆ ಮುಚ್ಚಬೇಡಿ. ಅದು ಮೇಲೆಲ್ಲೋ ನೀರಿನ ದಾರಿಗೆ ಬೆಣೆಯಾಗಿ ಕೂತಿರುತ್ತದೆ. ಮಳೆಗಾಲದಲ್ಲಿ ಅಳಿವೆಯ ನೀರು ಕೆಸರು, ಮರಳು. ಆ ಎರಡು ತಿಂಗಳು ಓಡಿದ ಇಂಪೆಲ್ಲರನ್ನು ನಾನು ಇನ್ನೊಂದು ವರ್ಷಕ್ಕೆ ನಂಬುವುದಿಲ್ಲ.

ಹಿಂದಿನಿಂದ ಚಿಮ್ಮುವ ಸಣ್ಣ ನೀರಿನ ಎಳೆ ನೋಡಿ "ನೀರು ಚೆನ್ನಾಗಿ ಬರ್ತಾ ಇದೆ" ಎಂದು ಎಷ್ಟೋ ಜನ ನಿಶ್ಚಿಂತೆಯಾಗಿರುತ್ತಾರೆ. ಆ ಎಳೆ ಹೇಳುವುದು ಪಂಪ್ ಕೆಲಸ ಮಾಡುತ್ತಿದೆ ಎಂದಷ್ಟೇ. ಸಿಲಿಂಡರಿನ ಸುತ್ತ ನೀರು ಹರಿಯುತ್ತಿದೆ ಎಂದು ಅದು ಹೇಳುವುದಿಲ್ಲ. ಒಮ್ಮೆ ಹೀಗೇ ಎರಡು ಸಲ ಮೇಲಿನ ಪಿಸ್ಟನ್ ಬದಲಿಸಿದ್ದ ಮೋಟಾರು ನನ್ನ ಮುಂದೆ ಬಂತು. ನೀರಿನ ಎಳೆ ಹುರಿಹಗ್ಗದಷ್ಟು ದಪ್ಪ ಬರುತ್ತಿತ್ತು. ಎಕ್ಸಾಸ್ಟ್ ಕವರ್ ಬಿಚ್ಚಿದರೆ ಒಳಗೆ ಸುಣ್ಣ ಹಚ್ಚಿದ ಗೋಡೆಯ ಹಾಗೆ ಬಿಳಿ ಪದರ. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ ಹೆಂಚಿನ ಚೂರಿನಂತೆ ಎದ್ದು ಬಂತು. ಬೆರಳು ಹೋಗಬೇಕಾದ ದಾರಿಯಲ್ಲಿ ಪೆನ್ಸಿಲ್ ಸಹ ತೂರುತ್ತಿರಲಿಲ್ಲ.

ಆ ಪದರ ತೆಗೆಯಲು ಮರದ ಕಡ್ಡಿ, ಬ್ರಶ್, ಸಿಹಿನೀರು, ಸ್ವಲ್ಪ ವಿನೆಗರ್ ಸಾಕು. ಕಕ್ಕಸು ತೊಳೆಯುವ ಆಸಿಡ್ ಸುರಿಯಬೇಡಿ. ಉಪ್ಪಿನ ಜೊತೆ ಅಲ್ಯೂಮಿನಿಯಮ್ಮನ್ನೂ ಅದು ತಿನ್ನುತ್ತದೆ. ಕವರಿನ ಬೋಲ್ಟ್ ಉಪ್ಪಿಗೆ ಕಚ್ಚಿಕೊಂಡಿರುತ್ತದೆ. ಜೋರು ಮಾಡಿದರೆ ತಲೆ ಮುರಿದು ಕೈಗೆ ಬರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಬಿಟ್ಟು, ಸ್ವಲ್ಪ ಬಿಸಿ ಮಾಡಿ, ಹಿಂದೆ ಮುಂದೆ ಆಡಿಸುತ್ತ ತೆಗೆಯಿರಿ.

ಥರ್ಮೋಸ್ಟ್ಯಾಟ್ ಅಂದರೆ ಬಿಸಿಗೆ ತಕ್ಕಂತೆ ನೀರು ಬಿಡುವ ಬಾಗಿಲು. ಪಾತ್ರೆಯ ನೀರಿನಲ್ಲಿ ಹಾಕಿ ಕಾಯಿಸಿ, ಹೆಚ್ಚಿನವು ಸುಮಾರು 50ರಿಂದ 60 ಡಿಗ್ರಿಯ ನಡುವೆ ತೆರೆಯುತ್ತವೆ. ತೆರೆಯದಿದ್ದರೆ ಹೊಸದು ಹಾಕಿ. "ಅದು ಬೇಡವೇ ಬೇಡ" ಎಂದು ಕಿತ್ತೆಸೆಯಬೇಡಿ. ಇಂಜಿನ್ ತೀರಾ ತಣ್ಣಗೆ ಓಡಿದರೆ ಚಿಮಣಿ ಎಣ್ಣೆ ಪೂರ್ತಿ ಆವಿಯಾಗದೆ ಮಸಿ ಕಟ್ಟುತ್ತದೆ, ರಿಂಗ್ ಅಂಟಿಕೊಳ್ಳುತ್ತದೆ.

ಗನ್ ಇದ್ದರೆ ಮೋಟಾರನ್ನು ಡ್ರಮ್ಮಿನ ನೀರಿನಲ್ಲಿ ಓಡಿಸಿ, ಮೇಲಿನ ಮತ್ತು ಕೆಳಗಿನ ಹೆಡ್ಡಿನ ಬಿಸಿ ಐದೈದು ನಿಮಿಷಕ್ಕೆ ಬರೆಯಿರಿ. ಮೇಲಿನದು ತುಸು ಜಾಸ್ತಿ ಇರುವುದು ಸಹಜ. ಓಡಿದಂತೆಲ್ಲ ಅಂತರ ಹಿಗ್ಗುತ್ತಲೇ ಹೋದರೆ ಮೇಲೆ ನೀರು ಸಾಲುತ್ತಿಲ್ಲ. ನೀರಿಲ್ಲದೆ ದಡದ ಮೇಲೆ "ಒಂದೇ ನಿಮಿಷ" ಎಂದು ಸ್ಟಾರ್ಟ್ ಮಾಡಬೇಡಿ. ಇಂಪೆಲ್ಲರ್ ರಬ್ಬರ್ ಸುಟ್ಟುಕೊಳ್ಳಲು ಅಷ್ಟು ಹೊತ್ತೂ ಬೇಡ.

ಹಂತ 6: ಇಂಧನ ಎಲ್ಲಿ ತಪ್ಪುತ್ತಿದೆ

ಮೊದಲು ಎಷ್ಟು ಕಾರ್ಬುರೇಟರ್ ಇದೆ ಎಂದು ಎಣಿಸಿ. ಇಷ್ಟರಿಂದಲೇ ಅರ್ಧ ಉತ್ತರ ಸಿಗುತ್ತದೆ. ಮೂರು ಸಿಲಿಂಡರಿನ ಎಷ್ಟೋ ಮೋಟಾರುಗಳಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಕಾರ್ಬುರೇಟರ್ ಇರುತ್ತದೆ. ಅಲ್ಲಿ ಒಂದೇ ಸಿಲಿಂಡರ್ ಲೀನ್ ಆಗಿ ಹೋದರೆ ಅದರ ಜೆಟ್ ಕಟ್ಟಿರುವ ಸಾಧ್ಯತೆ ಜಾಸ್ತಿ. ಜೆಟ್ ಅಂದರೆ ಇಂಧನ ಅಳತೆ ಮಾಡಿ ಬಿಡುವ ಸಣ್ಣ ಹಿತ್ತಾಳೆ ತೂತು. ನಿಧಾನಕ್ಕೆ ಓಡುವಾಗ ಎಲ್ಲ ಸರಿ ಇರುತ್ತದೆ. ಫುಲ್ ಥ್ರಾಟಲ್‌ನಲ್ಲಿ ಮಾತ್ರ ಹಸಿವಾಗುತ್ತದೆ. ಹಾಗಾಗಿ ದಡದಲ್ಲಿ ಪರೀಕ್ಷೆ ಮಾಡಿದರೆ ಗೊತ್ತೇ ಆಗುವುದಿಲ್ಲ.

ನಾಡದೋಣಿಗಳ ಸಣ್ಣ ಎರಡು ಸಿಲಿಂಡರ್ ಮೋಟಾರುಗಳಲ್ಲಿ ಹೆಚ್ಚಾಗಿ ಎರಡಕ್ಕೂ ಸೇರಿ ಒಂದೇ ಕಾರ್ಬುರೇಟರ್. ಜೆಟ್ ಕಟ್ಟಿದರೆ ಎರಡೂ ಸೊರಗಬೇಕು, ಅಲ್ವಾ? ಒಂದೇ ಹೋಗಿದೆ ಎಂದಾದರೆ ಕಾರ್ಬುರೇಟರ್ ತೊಳೆದು ಸುಮ್ಮನಾಗಬೇಡಿ. ನೀರು, ಸೀಲ್, ರೀಡ್ ಮೂರನ್ನೂ ನೋಡಿ.

ರೀಡ್ ಅಂದರೆ ಕ್ರ್ಯಾಂಕ್ ಕೋಣೆಯ ಬಾಗಿಲಲ್ಲಿರುವ ತೆಳು ಉಕ್ಕಿನ ನಾಲಗೆ. ತುದಿ ಮುರಿದಿದ್ದರೆ ಇಂಧನ ಕಾರ್ಬುರೇಟರ್ ಬಾಯಿಂದ ವಾಪಸ್ ಉಗುಳುತ್ತದೆ. ಮುರಿದ ಚೂರು ಸಿಲಿಂಡರಿನೊಳಗೆ ಹೋಗಿ ಗೀರು ಹಾಕುತ್ತದೆ.

ಇಂಧನದ ಪಂಪನ್ನೂ ಬಿಚ್ಚಿ. ಅದರ ಒಳಗಿನ ತೆಳು ಪೊರೆಯನ್ನು ಬಡಿಯುವುದು ಒಂದು ಕ್ರ್ಯಾಂಕ್ ಕೋಣೆಯ ಒತ್ತಡ. ಪೊರೆ ಹರಿದರೆ ಇಂಧನ ನೇರ ಆ ಕೋಣೆಗೇ ಇಳಿಯುತ್ತದೆ. ಆ ಸಿಲಿಂಡರಿನ ಪ್ಲಗ್ ಯಾವಾಗಲೂ ಒದ್ದೆ, ಉಳಿದವುಗಳಿಗೆ ಇಂಧನ ಕೊರತೆ.

ಚಿಮಣಿ ಎಣ್ಣೆ ಬಳಸುವವರಿಗೆ ಒಂದು ಮಾತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಚಿಮಣಿ ಎಣ್ಣೆಗೆ ತಿರುಗಿಸಿ. ನಿಲ್ಲಿಸುವ ಎರಡು ಮೂರು ನಿಮಿಷ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ. ಚಿಮಣಿ ಎಣ್ಣೆಯಲ್ಲೇ ನಿಲ್ಲಿಸಿದರೆ ಆವಿಯಾಗದ ಎಣ್ಣೆ ತಳಕ್ಕೆ ಇಳಿದು ಕೆಳಗಿನ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಬಿಡುತ್ತದೆ. ಮಾರನೆ ದಿನದ ಮೊದಲ ಸ್ಟಾರ್ಟ್ ಆ ಪಿಸ್ಟನ್ನಿಗೆ ಒಣ ಉಜ್ಜಾಟ. ಆಯಿಲ್ ಟಿಸಿ-ಡಬ್ಲ್ಯೂ3 ಎಂದು ಬರೆದದ್ದೇ ಇರಲಿ, ಅದು ನೀರಿನಲ್ಲಿ ತಂಪಾಗುವ ಟೂ-ಸ್ಟ್ರೋಕ್ ಇಂಜಿನ್ನಿನ ಆಯಿಲ್ ಎಂಬ ಗುರುತು. ಬೈಕಿನ ಟೂ-ಟಿ ಆಯಿಲ್ ಗಾಳಿಯಲ್ಲಿ ತಂಪಾಗುವ ಇಂಜಿನ್ನಿಗೆ ಮಾಡಿದ್ದು.

ಹಂತ 7: ಕ್ರ್ಯಾಂಕಿನ ಸೀಲ್

ಹೆಚ್ಚು ಮೋಸ ಮಾಡುವುದು ಇದು, ಯಾಕೆಂದರೆ ಹೊರಗೆ ಕಾಣುವುದಿಲ್ಲ. ಸೀಲ್ ಅಂದರೆ ಕ್ರ್ಯಾಂಕ್ ಹೊರಬರುವ ಜಾಗದಲ್ಲಿ ಗಾಳಿ ನುಸುಳದಂತೆ ತಡೆಯುವ ರಬ್ಬರ್ ಬಳೆ. ಮೇಲಿನ ಸೀಲ್ ಫ್ಲೈವೀಲ್, ಅಂದರೆ ಇಂಜಿನ್ ನೆತ್ತಿಯ ಭಾರದ ಚಕ್ರದ, ಕೆಳಗೆ ಇರುತ್ತದೆ. ಅದು ಹೋದರೆ ಮೇಲಿನ ಕೋಣೆಗೆ ಗಾಳಿ ಸೇರಿ ಮೇಲಿನ ಸಿಲಿಂಡರ್ ಲೀನ್ ಆಗುತ್ತದೆ. ಫ್ಲೈವೀಲ್ ತೆಗೆದಾಗ ಕೆಳಗೆ ಕಪ್ಪು ಜಿಡ್ಡು ಕಂಡರೆ ಅನುಮಾನವೇ ಬೇಡ. ಕೆಳಗಿನ ಸೀಲ್ ನೋಡಲು ಸಿಲಿಂಡರ್‌ಗಳಿರುವ ಇಂಜಿನ್ ಭಾಗವನ್ನೇ ಕೆಳಗಿನ ಕಾಲಿನಿಂದ ಬಿಡಿಸಿ ಎತ್ತಬೇಕು. ಅದು ಹೋದರೆ ಹೊಗೆ, ಉಪ್ಪಿನ ತೇವ ಎರಡೂ ಕೆಳಗಿನ ಕೋಣೆಗೆ ಹೋಗುತ್ತವೆ. ತಳದ ಬೇರಿಂಗಿನಲ್ಲಿ ಕಂದು ತುಕ್ಕು ಕಂಡರೆ ಕಾರಣ ಅಲ್ಲೇ ಹುಡುಕಿ.

ಥ್ರಾಟಲ್ ಇಳಿಸಿದರೂ ಆರ್‌ಪಿಎಂ ಕೂಡಲೇ ಇಳಿಯದೆ ಏರಿ ಏರಿ ಹೋಗುವುದು ಗಾಳಿ ಸೇರುವುದರ ಲಕ್ಷಣ. ಖಚಿತ ಮಾಡಬೇಕೆಂದರೆ ಇಂಧನದ ಬಾಯಿ, ಹೊಗೆಯ ಬಾಯಿ ಮುಚ್ಚಿ ಸೈಕಲ್ ಪಂಪಿನಿಂದ ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿ ನೋಡುತ್ತಾರೆ. ಆರೇಳು ಪಿಎಸ್ಐ ಸಾಕು, ಜಾಸ್ತಿ ಕೊಟ್ಟರೆ ಚೆನ್ನಾಗಿದ್ದ ಸೀಲೂ ಜಾರುತ್ತದೆ. ನನ್ನ ಮಟ್ಟಿಗೆ, ಇಂಜಿನ್ ಪೂರ್ತಿ ಬಿಚ್ಚಿದ ಮೇಲೆ ಹಳೆಯ ಸೀಲನ್ನೇ ಹಾಕಿ ಮುಚ್ಚುವುದು ಸರಿಯಲ್ಲ. ಪಿಸ್ಟನ್ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹಂತ 8: ಕಿಡಿ

ಕಿಡಿ ಇಲ್ಲದ ಸಿಲಿಂಡರ್ ಜಾಮ್ ಆಗುವುದು ಕಡಿಮೆ, ಅದು ಸುಮ್ಮನೆ ಒದ್ದೆಯಾಗಿ ತಿರುಗುತ್ತದೆ. ಆದರೆ ಉಳಿದದ್ದರ ಮೇಲೆ ಹೊರೆ ಬೀಳುತ್ತದೆ. ವೈರ್, ಕಾಯಿಲ್ ಅದಲು ಬದಲು ಮಾಡಿ ನೋಡಿ. ತೊಂದರೆ ಕಾಯಿಲ್ ಜೊತೆ ಜಾಗ ಬದಲಿಸಿದರೆ ತಪ್ಪಿತಸ್ಥ ಕಾಯಿಲ್. ಟೈಮಿಂಗ್ ಕೈಪಿಡಿಯಂತೆ ಇದೆಯೇ ಎಂದು ತಿಳಿದವರಿಂದ ನೋಡಿಸಿ.

ಹಂತ 9: ಜೋಡಿಸುವಾಗ, ಮೊದಲ ಹತ್ತು ಗಂಟೆ

ಬೋರ್ ಮಾಡಿಸಿದರೆ ಲೈನರಿನ ಪೋರ್ಟುಗಳ, ಅಂದರೆ ಗೋಡೆಯ ಕಿಂಡಿಗಳ ಅಂಚನ್ನು ಬೆರಳಿನಿಂದ ಸವರಿ ನೋಡಿ. ಬ್ಲೇಡಿನಂತೆ ಚೂಪಾಗಿದ್ದರೆ ವಾಪಸ್ ಕಳಿಸಿ. ಅಂಚು ಮೊಂಡು ಮಾಡದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ತಲೆಯ ಗುರುತು ಕೈಪಿಡಿ ಹೇಳಿದ ದಿಕ್ಕಿಗೇ ಇರಲಿ. ತಿರುಗಿಸಿ ಹಾಕಿದರೆ ರಿಂಗಿನ ಬಾಯಿ ಕಿಂಡಿಯ ಮೇಲೆ ಬರುತ್ತದೆ. ಹೆಡ್ ಬೋಲ್ಟ್ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ಸ್ಪ್ಯಾನರ್‌ನಿಂದಲೇ ಬಿಗಿಯಿರಿ.

ಮೊದಲ ಹತ್ತು ಗಂಟೆ ಆಯಿಲ್ ಎರಡು ಪಟ್ಟು ಹಾಕುವುದು ರೂಢಿ. ಮಾಮೂಲಿ ಅಳತೆ 50 ಲೀಟರಿಗೆ 1 ಲೀಟರ್ ಇರುವ ಮೋಟಾರಿಗೆ 25 ಲೀಟರಿಗೆ 1 ಲೀಟರ್. ಚಿಮಣಿ ಎಣ್ಣೆಯ ಮಾಡೆಲಿಗೆ ಅಳತೆ ಬೇರೆ ಇರುತ್ತದೆ, ಅದರ ಕೈಪಿಡಿ ನೋಡಿಯೇ ಹಾಕಿ. ಮೊದಲ ಗಂಟೆ ಫುಲ್ ಥ್ರಾಟಲ್ ಬೇಡ, ಬಲೆ ತುಂಬಿದ ದೋಣಿ ಎಳೆಸುವುದೂ ಬೇಡ. ದಿನಾ ದಡಕ್ಕೆ ಬಂದ ಮೇಲೆ ಡ್ರಮ್ಮಿನ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ.

ಹತ್ತು ಗಂಟೆ ಆದ ಮೇಲೆ ಪ್ಲಗ್ ತೆಗೆದು ಮತ್ತೆ ಸಾಲಾಗಿ ಇಡಿ, ಕಂಪ್ರೆಶನ್ ಮತ್ತೆ ಅಳೆಯಿರಿ, ಮೊದಲು ಬರೆದ ಅಂಕಿಯ ಪಕ್ಕದಲ್ಲೇ ಬರೆಯಿರಿ. ರಿಪೇರಿಯಾದ ಸಿಲಿಂಡರಿನ ಪ್ಲಗ್ ಮತ್ತೆ ಬಿಳಿಚಿಕೊಂಡಿದ್ದರೆ ಮರುದಿನ ಕಡಲಿಗೆ ಹೋಗಬೇಡಿ, 5ನೇ ಹಂತಕ್ಕೆ ವಾಪಸ್ ಬನ್ನಿ.